ತಳವಾರನ ಹೊಲ

ನಾನು ಕನ್ನಡ ಅಧ್ಯಾಪಕನಾಗಿ ಯಲಬುರ್ಗಿಗೆ ಬಂದದ್ದು 1985ರಲ್ಲಿ. ಆಗ ಅದು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ಮೈಸೂರು ಸೀಮೆಯಿಂದ ಬಂದ ನನ್ನ ಟ್ರಂಕಿನಲ್ಲಿ ಪುಸ್ತಕಗಳ ಮೇಲೆ, ಕೈಗೆ ಮೊದಲು ಸಿಗುವಂತೆ, ವರ್ಗಾವಣೆಯ ಅರ್ಜಿಯೊಂದು ಇತ್ತು. ನನ್ನಂತೆಯೇ ಬಂದ ಬಹುಪಾಲು ನೌಕರರು ಅಂಥದೊಂದು ಅರ್ಜಿಯನ್ನು ಜೊತೆಯಲ್ಲಿಯೇ ತರುತ್ತಿದ್ದರು. ಈ ಕಡೆಗೆ ವರ್ಗವಾಗುವುದಕ್ಕೆ ಕಚೇರಿಗಳ ಮಾತಿನಲ್ಲಿ ‘ಶಿಕ್ಷೆ’ ಎಂದೇ ಹೆಸರಿತ್ತು. ಒಂದು ನಾಡಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೆ?

ನೆರೆಮನೆಯಲ್ಲಿ ಪೊಲೀಸ್ ದಫೇದಾರರೊಬ್ಬರಿದ್ದರು, ಕುಷ್ಟಗಿ ಕಡೆಯವರು. ಒಂದು ಸಂಜೆ ನನ್ನ ಅರ್ಜಿಯ ವಿಷಯ ತಿಳಿದು ಅವರೆಂದರು: ‘ಹೋಗೋರು ಹೋಗ್ತಾರ್ರೀ ಸರ. ಉಳಿಯೋರಿಗೆ ಏನೈತ್ರಿ?’ ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಕಾಯುವವನನ್ನು ಕಾಯುವ ಜಾಗದಲ್ಲಿಯೇ ನಿಲ್ಲಿಸಿಕೊಳ್ಳುವುದು ಹೇಗೆಂಬ ಚಿಂತೆ ನಮ್ಮ ಹಿರಿಯರಿಗೂ ಇತ್ತು. ಊರನ್ನು ಉಳಿಸಲು ಮಡಿದವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಟ್ಟ ಸಂಗತಿಯನ್ನು ಶಾಸನಗಳು ಹೇಳುತ್ತವೆ. ಗಂಗಾವತಿಯ ಆನೆಗೊಂದಿಯಿಂದ ತುಂಗಭದ್ರೆಯನ್ನು ದಾಟಿದರೆ ವಿಜಯನಗರ. ಇಮ್ಮಡಿ ದೇವರಾಯನ ಕಾಲದಲ್ಲಿ, 1443ರಲ್ಲಿ, ಅಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ನಗರರಕ್ಷಕರನ್ನು ಕುರಿತು ಬರೆದಿಟ್ಟಿದ್ದಾನೆ. ಏಳು ಕೋಟೆಗಳೊಳಗೆ ನಡೆಯುವುದನ್ನೆಲ್ಲ ಅವರು ಅರಿತಿರಬೇಕು. ಕಳವಾದ ವಸ್ತುವನ್ನು ಹುಡುಕಿಕೊಡಬೇಕು. ತಪ್ಪಿದರೆ ದಂಡ ತೆರಬೇಕು. ಅವರ ಸಂಬಳಕ್ಕೆ ವೇಶ್ಯಾವಾಟಿಕೆಯ ತೆರಿಗೆಯ ಹಣವನ್ನು ಗೊತ್ತುಮಾಡಲಾಗಿತ್ತೆಂದೂ ಆತ ಹೇಳುತ್ತಾನೆ. ರಾಜ್ಯ ವೈಭವದಲ್ಲಿದ್ದಾಗಲೂ ಕಾವಲುಗಾರನ ಕೂಳು ಎಲ್ಲಿಂದ ಬರುತ್ತಿತ್ತೆಂಬುದನ್ನು ನೋಡಿ!

ಹಳ್ಳಿಗಳಲ್ಲಿ ಬೇರೆ ಏರ್ಪಾಡಿತ್ತು. ತಳವಾರನಿಗೆ ಸಂಬಳಕ್ಕೆ ಬದಲು ಇನಾಮು ಹೊಲ. ಸೇವೆ ಇರುವತನಕ ಹೊಲ. ಹೊಲ ಇರುವತನಕ ಸೇವೆ. ಊರು ಬಿಟ್ಟರೆ ಎರಡೂ ಇಲ್ಲ. ನಿಜಾಮನ ಆಳ್ವಿಕೆಯಲ್ಲಿ ಈ ಸೀಮೆಯ ಊರುಗಳಲ್ಲಿ ಕಂದಾಯಕ್ಕೆ ಮಾಲಿ ಪಾಟೀಲ, ಬಂದೋಬಸ್ತಿಗೆ ಪೊಲೀಸ್ ಪಾಟೀಲ ಇರುತ್ತಿದ್ದರು. ಹುದ್ದೆಗಳು ಅಳಿದವು, ಅಡ್ಡಹೆಸರುಗಳು ಉಳಿದವು. ನನ್ನ ಹಾಜರಿ ಪುಸ್ತಕದಲ್ಲಿ ತಳವಾರ, ಮಾಲಿಪಾಟೀಲ, ಪೊಲೀಸಪಾಟೀಲ ಎಂಬ ಮೂರೂ ಹೆಸರುಗಳು ಒಂದೇ ಪುಟದಲ್ಲಿರುತ್ತಿದ್ದವು.

ಆ ವ್ಯವಸ್ಥೆಯನ್ನು ಹೊಗಳಲು ನಾನು ಇದನ್ನು ಹೇಳುತ್ತಿಲ್ಲ. ಹೊಲವು ಮನುಷ್ಯನನ್ನು ನಿಲ್ಲಿಸಿತು, ನಿಜ. ಆದರೆ ಅವನ ಮಗನನ್ನೂ ಮೊಮ್ಮಗನನ್ನೂ ಅದೇ ಚಾಕರಿಗೆ ಕಟ್ಟಿಹಾಕಿತು. 1961ರ ಗ್ರಾಮ ಹುದ್ದೆಗಳ ರದ್ಧತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ಆ ಗಂಟನ್ನು ಬಿಚ್ಚಿದ್ದು ನ್ಯಾಯವೇ ಆಯಿತು. ಗಂಟು ಬಿಚ್ಚಿದ ಮೇಲೆ ಅದರ ಜಾಗದಲ್ಲಿ ಏನನ್ನಿಟ್ಟೆವೆಂಬುದೇ ಪ್ರಶ್ನೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳು ಇದಕ್ಕೆ ಹಣದ ಉತ್ತರ ಕೊಟ್ಟಿವೆ. ಒಲ್ಲದ ಊರಿಗೆ ಹೋಗುವ ಸರಕಾರಿ ನೌಕರನಿಗೆ ಸ್ಥಳಾಂತರದ ಬೋನಸ್ಸು, ಬಿಟ್ಟುಹೋಗದಿರುವವನಿಗೆ ಉಳಿಕೆಯ ಭತ್ಯೆ. ಮೂಲವೇತನದ ಶೇಕಡಾ 25ರವರೆಗೆ ಇವನ್ನು ಕೊಡಲು 1990ರ ಕಾನೂನು ಅಲ್ಲಿನ ಕೇಂದ್ರ ಇಲಾಖೆಗಳಿಗೆ ಅವಕಾಶ ಮಾಡಿತು. ನಮ್ಮಲ್ಲಿ 2016ರ ಜೂನ್ ತಿಂಗಳಲ್ಲಿ ಪೊಲೀಸರು ಸಾಮೂಹಿಕ ರಜೆಯ ಮಾತೆತ್ತಿದಾಗ ನಾಡು ಬೆಚ್ಚಿತು. ರಾಘವೇಂದ್ರ ಔರಾದಕರ್ ಸಮಿತಿಯ ಶಿಫಾರಸಿನ ಮೇರೆಗೆ ವೇತನ ಏರಿದ್ದು 2019ರಲ್ಲಿ. ಅದು ಅಗತ್ಯವಾಗಿತ್ತು. ಆದರೆ ಬೆಂಗಳೂರಿನವನಿಗೂ ಹನುಮಸಾಗರದವನಿಗೂ ವೇತನ ಒಟ್ಟಿಗೆ ಏರಿದರೆ, ಹನುಮಸಾಗರದಲ್ಲಿ ನಿಲ್ಲಲು ಹೊಸ ಕಾರಣವೇನೂ ಹುಟ್ಟುವುದಿಲ್ಲ.

ಈ ಭಾಗಕ್ಕೆ ಸಿಕ್ಕಿರುವ ಉತ್ತರ ಬೇರೆ ಬಗೆಯದು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371-ಜೆ ವಿಧಿಯಿಂದ ಇಲ್ಲಿನ ಸರಕಾರಿ ಹುದ್ದೆಗಳ ದೊಡ್ಡ ಪಾಲು ಇಲ್ಲಿನವರಿಗೇ ಮೀಸಲಾಯಿತು. ಹೊರಗಿನವನಿಗೆ ಆಸೆ ತೋರಿಸಿ ಕರೆತರುವುದಕ್ಕಿಂತ, ಈ ಮಣ್ಣಿನಲ್ಲಿ ಬೇರೂರಿದವನಿಗೆ ಕೆಲಸ ಕೊಡುವುದು ಬಾಳಿಕೆಯ ದಾರಿ. ಅದು ತಳವಾರನ ಹೊಲದ ಹೊಸ ರೂಪವೆನ್ನೋಣ. ಇಲ್ಲಿ ಹುಟ್ಟಿನ ಚಾಕರಿಯ ಹಗ್ಗವಿಲ್ಲ.

ಆದರೂ ಎಚ್ಚರಿಕೆಯ ಒಂದು ಮಾತು. ಊರಿನವನೆಂಬ ಕಾರಣಕ್ಕೆ ಅವನು ಹೇಗೂ ನಿಲ್ಲುತ್ತಾನೆಂದು ಸರಕಾರ ಕೈತೊಳೆದುಕೊಳ್ಳಬಾರದು. ನೀರು ಸೋರದ ವಸತಿ, ಮಕ್ಕಳಿಗೆ ಒಳ್ಳೆಯ ಶಾಲೆ, ಹೆರಿಗೆಗೆ ದೂರದ ಊರಿಗೆ ಓಡಬೇಕಿಲ್ಲದ ಆಸ್ಪತ್ರೆ, ಗಂಡಹೆಂಡಿರು ಒಂದೇ ಜಿಲ್ಲೆಯಲ್ಲಿ ದುಡಿಯುವ ಅವಕಾಶ: ಇವೂ ಉಳಿಕೆಯ ಭತ್ಯೆಗಳೇ. ನೌಕರನ ಜೊತೆ ಊರಿಗೂ ಇವು ದಕ್ಕುತ್ತವೆ. ಇದಕ್ಕೂ ಮಿಗಿಲಾಗಿ, ಯಾವ ಊರಿಗೆ ಕಳಿಸುವುದನ್ನೂ ‘ಶಿಕ್ಷೆ’ ಎನ್ನುವ ಮಾತು ನಮ್ಮ ಕಚೇರಿಗಳಿಂದ ತೊಲಗಬೇಕು. ಅಪರಾಧಿಯಂತೆ ಬಂದವನು ರಕ್ಷಕನಂತೆ ಬಾಳುವುದು ಹೇಗೆ?

ನನ್ನ ಆ ಅರ್ಜಿ ಟ್ರಂಕಿನಲ್ಲಿಯೇ ಹಳದಿಯಾಯಿತು. ಯಾವುದೇ ಭತ್ಯೆಗಾಗಿ ನಾನು ಉಳಿಯಲಿಲ್ಲ. ‘ಉಳಿಯೋರಿಗೆ ಏನೈತ್ರಿ’ ಎಂದು ಕೇಳಿದವರ ಎದುರಿಗೆ ಗಂಟುಮೂಟೆ ಕಟ್ಟಲು ಮುಖವಿರಲಿಲ್ಲ. ಆ ದಫೇದಾರರು ಈಗಿಲ್ಲ. ಅವರ ಮೊಮ್ಮಗಳು ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಮೊನ್ನೆ ಕೊಪ್ಪಳದಲ್ಲಿ ಸಿಕ್ಕಾಗ, ‘ಎಲ್ಲಿಗೆ ಹಾಕಿದರೆ ಸಂತೋಷವಮ್ಮಾ?’ ಎಂದು ಕೇಳಿದೆ. ‘ಇಲ್ಲೇರಿ ಸರ,’ ಎಂದಳು.

ಆ ಒಂದು ಮಾತನ್ನು ಅವಳು ಮೂವತ್ತು ವರ್ಷಗಳ ಮೇಲೂ ಹೇಳುವಂತೆ ನೋಡಿಕೊಳ್ಳುವುದು ಈಗ ನಮ್ಮೆಲ್ಲರ ಪಾಲಿನ ಕೆಲಸ.