ಗಿರಾಕಿಯ ಪರದೆ, ನಿಮ್ಮ ಕೈ



ಈ ಹೊತ್ತಿನ ಮಾತು ಬಿಲ್ಲಿಂಗ್, ಅಕೌಂಟ್ಸ್ ಸಾಫ್ಟ್‌ವೇರ್ ಹಾಕಿಕೊಟ್ಟು ಅದರ ರಿಪೇರಿಯನ್ನೂ ನೋಡಿಕೊಳ್ಳುವವರಿಗೆ. ವಾಶಿಯ ಉಡುಪಿ ಹೋಟೆಲಿನಲ್ಲಿ ಬಿಲ್ ಪ್ರಿಂಟ್ ಆಗುತ್ತಿಲ್ಲ. ನೀವಿರುವುದು ಬೊರಿವಲಿಯಲ್ಲಿ. ಅಲ್ಲೋ ಊಟದ ಹೊತ್ತು, ಕೌಂಟರಿನ ಮುಂದೆ ಜನ. ಲೋಕಲ್ ಹಿಡಿದು ನೀವು ತಲುಪುವಷ್ಟರಲ್ಲಿ ವ್ಯಾಪಾರದ ವೇಳೆಯೇ ಮುಗಿದಿರುತ್ತದೆ. ದೂರದ ಕಂಪ್ಯೂಟರನ್ನು ಇದ್ದಲ್ಲಿಂದಲೇ ಸರಿಪಡಿಸುವ ಸಾಫ್ಟ್‌ವೇರ್ ಬೇಕಾಗುವುದು ಆಗ. ಯಾವುದನ್ನು ಆರಿಸುತ್ತೀರಿ?

ಮೊದಲು ವಿಂಡೋಸ್‌ನಲ್ಲೇ ಇರುವುದನ್ನು ನೋಡಿ. ರಿಮೋಟ್ ಡೆಸ್ಕ್‌ಟಾಪ್ ಹಲವರಿಗೆ ಗೊತ್ತು. ಆದರೆ ನೀವು ಒಳಹೊಕ್ಕೊಡನೆ ಗಿರಾಕಿಯ ಪರದೆಗೆ ಬೀಗ ಬೀಳುತ್ತದೆ. ನೀವು ಮಾಡುವ ಕೆಲಸ ಅವರಿಗೆ ಕಾಣದು. ವಿಂಡೋಸ್ ಹೋಮ್ ಇರುವ ಕಂಪ್ಯೂಟರಿಗಂತೂ ಹೀಗೆ ಪ್ರವೇಶವೇ ಇಲ್ಲ. ವಿಂಡೋಸ್ 10 ಮತ್ತು 11ರ ಕ್ವಿಕ್ ಅಸಿಸ್ಟ್ ಬೇರೆ ಬಗೆಯದು. ನೀವು ಫೋನಿನಲ್ಲಿ ಹೇಳಿದ ಕೋಡನ್ನು ಅವರು ಒತ್ತಿ, ಒಪ್ಪಿಗೆ ಕೊಡಬೇಕು. ಇಬ್ಬರಿಗೂ ಒಂದೇ ಪರದೆ ಕಾಣುತ್ತದೆ. ಬೇಡವೆಂದಾಗ ಅವರೇ ನಿಲ್ಲಿಸಬಹುದು. ಹಗಲಿನ ಸಣ್ಣಪುಟ್ಟ ತೊಂದರೆಗೆ ಇಷ್ಟು ಸಾಕು.

ಹೋಟೆಲ್ ಮುಚ್ಚಿದ ಮೇಲೆ, ಎದುರಿಗೆ ಯಾರೂ ಇಲ್ಲದಾಗ ಕೆಲಸ ಮಾಡಬೇಕೆಂದರೆ ಟೀಮ್‌ವ್ಯೂವರ್, ಎನಿಡೆಸ್ಕ್, ರಸ್ಟ್‌ಡೆಸ್ಕ್‌ನಂಥವು ಬೇಕು. ಟೀಮ್‌ವ್ಯೂವರ್ ಉಚಿತವಾಗಿ ಸಿಗುವುದು ಸ್ವಂತ ಬಳಕೆಗೆ ಮಾತ್ರ. ಹಣ ಪಡೆದು ಸೇವೆ ಕೊಡುವವರು ಲೈಸೆನ್ಸ್ ಕೊಳ್ಳಬೇಕು. ಇಲ್ಲವಾದರೆ ಕೆಲಸದ ನಡುವೆಯೇ ಸಂಪರ್ಕ ಕಡಿದೀತು. ರಸ್ಟ್‌ಡೆಸ್ಕನ್ನು ನಿಮ್ಮದೇ ಸರ್ವರಿನಲ್ಲಿ ನಡೆಸಬಹುದು. ಆದರೆ ಆ ಸರ್ವರಿನ ಕಾವಲೂ ನಿಮ್ಮದೇ.

ಬೆಲೆಗಿಂತ ದೊಡ್ಡದು ನಂಬಿಕೆಯ ಪ್ರಶ್ನೆ. ಎನಿಡೆಸ್ಕ್ ಬಳಸಿ ವಂಚಕರು ಹಣ ಲಪಟಾಯಿಸುವ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. 2024ರ ಫೆಬ್ರವರಿಯಲ್ಲಿ ಆ ಕಂಪನಿಯೇ ತನ್ನ ಸರ್ವರುಗಳಿಗೆ ಕನ್ನ ಬಿದ್ದುದನ್ನು ತಿಳಿಸಿತು. ಅಂದಮೇಲೆ ಹತ್ತಾರು ಗಿರಾಕಿಗಳ ಕೀಲಿ ಹಿಡಿದಿರುವ ನೀವು ಎಷ್ಟು ಜಾಗ್ರತೆಯಿಂದಿರಬೇಕು, ಯೋಚಿಸಿ.

ಹಾಗಾಗಿ ಪಾಸ್‌ವರ್ಡ್ ಜೊತೆಗೆ ಮೊಬೈಲಿನ ಕೋಡನ್ನೂ ಕೇಳುವ, ಯಾರು ಯಾವಾಗ ಒಳಬಂದರೆಂದು ದಾಖಲಿಸುವ ಸಾಫ್ಟ್‌ವೇರನ್ನೇ ಆರಿಸಿ. ಗಿರಾಕಿಗೊಂದರಂತೆ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಕಾಯಂ ಪ್ರವೇಶ ಬೇಕಿದ್ದರೆ ಮಾಲೀಕರಿಂದ ಬರೆಸಿಕೊಳ್ಳಿ. ಕೆಲಸಗಾರ ಬಿಟ್ಟುಹೋದ ದಿನವೇ ಪಾಸ್‌ವರ್ಡ್ ಬದಲಿಸಿ.

ಹೋಟೆಲ್ ಮಾಲೀಕರೇ, ನಿಮಗೂ ಒಂದು ಮಾತು. ನೀವಾಗಿ ಕರೆದವರಿಗಲ್ಲದೆ ಯಾರಿಗೂ ಪರದೆ ತೆರೆಯಬೇಡಿ. ತೆರೆಯುವ ಮುನ್ನ ಬ್ಯಾಂಕಿನ ಪುಟ ಮುಚ್ಚಿ. ಮೋಸವಾಯಿತೆಂದು ತಿಳಿದೊಡನೆ 1930ಕ್ಕೆ ಫೋನ್ ಮಾಡಿ.