ಮನೆಯ ಹುಳ, ಹಿತ್ತಿಲ ಹುಳ: ಔಷಧಿಗೆ ಮೊದಲು ಮಾಡಬೇಕಾದದ್ದು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಾಲ, ಷೇರು, ಡಿವಿಡೆಂಡಿನ ವಿಚಾರವನ್ನು ಹಿರಿಯರು ಆಗಲೇ ಮಾತಾಡಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಹುಳುಹುಪ್ಪಟೆ. ‘ಹುಳದ ಮೇಲೆ ಏನು ಭಾಷಣ ಮಾಡ್ತೀರಿ, ಸಂಘದಲ್ಲೇ ಔಷಧಿ ಸಿಗುತ್ತಲ್ಲ’ ಅಂತ ಒಬ್ಬರು ಬಾಗಿಲಲ್ಲೇ ಕೇಳಿದರು. ಆ ಮಾತಿಗೇ ಉತ್ತರ ಹೇಳಲು ನಿಂತಿದ್ದೇವೆ. ಸಂಘದ ಗೋದಾಮಿನಲ್ಲಿ ಗೊಬ್ಬರ, ಔಷಧಿ ಕೊಟ್ಟವರಲ್ಲಿ ನಾವೂ ಒಬ್ಬರು. ಆದ್ದರಿಂದ ಈಗ ಹೇಳುವ ತಪ್ಪುಗಳಲ್ಲಿ ನಮ್ಮ ಪಾಲೂ ಇದೆ.

ಮೊದಲು ನಮ್ಮ ಮನೆಯ ಸಂಗತಿ ಹೇಳಿಬಿಡ್ತೇವೆ. ಕೆಲವು ವರ್ಷದ ಹಿಂದೆ ಎರಡು ಚೀಲ ಅವರೆಕಾಳು ಬಂದಿತ್ತು. ‘ಕೆಮ್ಮಣ್ಣು ಕಟ್ಟಿ ಇಡ್ರಪ್ಪ, ಇಲ್ಲಾಂದ್ರೆ ಹರಳೆಣ್ಣೆನಾದ್ರೂ ಸವರಿ’ ಅಂತ ನಮ್ಮ ತಾಯಿಯವರು ಹೇಳಿದರು. ಅಷ್ಟು ಪುರುಸೊತ್ತು ಯಾರಿಗಿದೆ ಎಂದು ನಾವು ಪೇಟೆಯಿಂದ ಕಾಳಿಗೆ ಇಡುವ ಮಾತ್ರೆ ತಂದು ಚೀಲದೊಳಗೆ ಹಾಕಿ ಬಾಯಿ ಕಟ್ಟಿದೆವು. ಚೀಲ ಇಟ್ಟ ಕೋಣೆಯಲ್ಲೇ ತಾಯಿಯವರು ಮಲಗುವುದು. ಚಳಿಗಾಲ, ಕಿಟಕಿ ಮುಚ್ಚಿತ್ತು. ಬೆಳಗಿನ ಜಾವಕ್ಕೆ ಅವರಿಗೆ ವಾಂತಿ, ಎದೆ ಹಿಡಿದ ಹಾಗೆ, ಉಸಿರು ಕಟ್ಟಿದ ಹಾಗೆ. ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ನೋಡುತ್ತಲೇ ಕೇಳಿದರು: ‘ಮನೆಯಲ್ಲಿ ಕಾಳಿಗೆ ಮಾತ್ರೆ ಇಟ್ಟಿದ್ದೀರಾ?’ ನಾವು ತಲೆ ತಗ್ಗಿಸಿದೆವು. ದೇವರ ದಯೆ, ತಾಯಿಯವರು ಉಳಿದರು.

ಆ ಮಾತ್ರೆಯ ಹೆಸರು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಸಾಕು, ಫಾಸ್ಫೀನ್ ಎಂಬ ವಿಷದ ಅನಿಲ ಬಿಡುತ್ತದೆ. ಚೀಲದ ಬಾಯಿ ಎಷ್ಟೇ ಬಿಗಿಯಾಗಿ ಕಟ್ಟಿದರೂ ಅದು ನೂಲಿನ ಸಂದಿಯಲ್ಲಿ ಹೊರಗೆ ಬರುತ್ತದೆ. ಇದಕ್ಕೆ ಪ್ರತಿವಿಷ ಅಂತ ಇಲ್ಲ. ಸರ್ಕಾರಿ ಗೋದಾಮಿನವರಿಗೆ, ಪರವಾನಗಿ ಇರುವ ಕೀಟ ನಿಯಂತ್ರಣದವರಿಗೆ ಬಿಟ್ಟು ಬೇರೆಯವರಿಗೆ ಮಾರಬಾರದೆಂಬ ನಿಯಮವೇ ಇದೆ. ಜನ ಉಣ್ಣುವ, ಮಲಗುವ ಮನೆಯೊಳಗೆ ಇಂಥ ಒಂದೇ ಒಂದು ಮಾತ್ರೆಯೂ ಬರಕೂಡದು.

ಹಾಗಾದರೆ ಕಾಳಿಗೆ ಏನು ಮಾಡಬೇಕು? ಹುಳದ ಬಾಳುವೆ ತಿಳಿದರೆ ಉಪಾಯ ತಾನಾಗಿ ಹೊಳೆಯುತ್ತದೆ. ಅವರೆ, ಅಲಸಂದೆ, ಹೆಸರು, ತೊಗರಿಗೆ ಬೀಳುವ ಕಂದು ದುಂಬಿ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಡುತ್ತದೆ. ಮನೆಗೆ ಬಂದ ಮೇಲೆ ಕಾಳಿನ ಮೇಲೇ ಇಡುತ್ತದೆ. ಕಾಳಿನ ಮೇಲೆ ಬಿಳಿ ಚುಕ್ಕೆ ಅಂಟಿದ್ದರೆ ಅದು ಮೊಟ್ಟೆ. ಮರಿ ಕಾಳಿನೊಳಗೆ ಕೊರೆದು ಹೋಗಿ, ಸುಮಾರು ಒಂದು ತಿಂಗಳಲ್ಲಿ ಗುಂಡನೆಯ ತೂತು ಮಾಡಿಕೊಂಡು ದುಂಬಿಯಾಗಿ ಹೊರಬರುತ್ತದೆ. ಒಂದು ಹೆಣ್ಣು ನೂರರ ಹತ್ತಿರ ಮೊಟ್ಟೆ ಇಡಬಲ್ಲದು. ಯುಗಾದಿಗೆ ನಾಲ್ಕು ಹುಳ ಕಂಡದ್ದು ಆಷಾಢಕ್ಕೆ ಚೀಲವೆಲ್ಲ ಆಗುವುದು ಹೀಗೆ.

ಆದ್ದರಿಂದ ಕಾಳು ಮನೆಗೆ ಬಂದ ವಾರದಲ್ಲೇ ಕೆಲಸ ಆಗಬೇಕು. ಹಲ್ಲಿನಲ್ಲಿ ಕಡಿದರೆ ‘ಕಟ್’ ಎನ್ನುವವರೆಗೆ ಬಿಸಿಲಿಗೆ ಹರಡಿ. ಆರಿದ ಮೇಲೆ, ತಿನ್ನುವ ಕಾಳಾದರೆ ಕೆ.ಜಿ.ಗೆ ಒಂದು ಚಮಚದಷ್ಟು ಹರಳೆಣ್ಣೆಯನ್ನೋ ಕಡಲೆಕಾಯಿ ಎಣ್ಣೆಯನ್ನೋ ಅಂಗೈಯಲ್ಲಿ ಹಾಕಿಕೊಂಡು ಎಲ್ಲ ಕಾಳಿಗೂ ಹತ್ತುವಂತೆ ಉಜ್ಜಿ. ಎಣ್ಣೆಯ ಪೊರೆ ಮೊಟ್ಟೆಗೆ ಉಸಿರಾಡಲು ಬಿಡುವುದಿಲ್ಲ. ಕೆಮ್ಮಣ್ಣಿನ ಕೆಸರು ಹಚ್ಚಿ ಒಣಗಿಸಿದರೂ ಆಗುತ್ತದೆ. ನುಣ್ಣನೆಯ ಮಣ್ಣು ಹುಳದ ಮೈಮೇಲಿನ ಜಿಡ್ಡು ಕೆರೆದು ಅದನ್ನು ಒಣಗಿಸುತ್ತದೆ. ನಮ್ಮ ಹಿರಿಯರ ಹಗೇವನ್ನು ನೆನೆಸಿಕೊಳ್ಳಿ. ಬಾಯಿ ಮುಚ್ಚಿದ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆಗೆದಾಗ ಮೊದಲು ದೀಪ ಇಳಿಸಿ ನೋಡಿ, ಆಮೇಲೆ ಮನುಷ್ಯ ಇಳಿಯುತ್ತಿದ್ದ. ಉಸಿರಿಗೆ ಗಾಳಿ ಇಲ್ಲದ ಕಡೆ ಹುಳವೂ ಇರಲಾರದು. ಈಗ ಅದೇ ಕೆಲಸವನ್ನು ಗಾಳಿಯಾಡದ ಡ್ರಮ್ಮು ಮಾಡುತ್ತದೆ. ಆದರೆ ಕಂಠಪೂರ್ತಿ ತುಂಬಬೇಕು, ದಿನಾ ತೆಗೆಯಬಾರದು. ದಿನದ ಬಳಕೆಗೆ ಬೇರೆ ಡಬ್ಬಿ ಇಟ್ಟುಕೊಳ್ಳಿ. ಹಳೆಯ ಚೀಲಕ್ಕೆ ಹೊಸ ಕಾಳು ತುಂಬುವುದಾದರೆ ಚೀಲವನ್ನು ಕುದಿಯುವ ನೀರಿನಲ್ಲಿ ಅದ್ದಿ, ಚೆನ್ನಾಗಿ ಒಣಗಿಸಿ.

ಇನ್ನು ಹಿತ್ತಿಲು. ಬದನೆ ಗಿಡದ ಕುಡಿ ಬಾಡಿ ಜೋತುಬಿದ್ದರೆ ಅದರೊಳಗೆ ಕೊರಕ ಇದೆ ಅಂತಲೇ ತಿಳಿಯಿರಿ. ಹುಳ ಒಳಗಿರುವಾಗ ಮೇಲೆ ಸಿಂಪಡಿಸಿದ ಔಷಧಿ ಅದಕ್ಕೆ ಸರಿಯಾಗಿ ತಗುಲುವುದಿಲ್ಲ, ನಾಳೆ ನಾವು ಕೀಳುವ ಕಾಯಿಗೆ ಮಾತ್ರ ತಗುಲುತ್ತದೆ. ವಾರಕ್ಕೊಮ್ಮೆ ಬಾಡಿದ ಕುಡಿ, ತೂತುಬಿದ್ದ ಕಾಯಿ ಕಿತ್ತು ಸುಡಿ. ಬೇಲಿ ಆಚೆ ಎಸೆದರೆ ಪಕ್ಕದ ಮನೆಯಿಂದ ಮತ್ತೆ ನಮ್ಮಲ್ಲಿಗೇ ಬರುತ್ತದೆ. ಅವರೆ ಬಳ್ಳಿಗೆ ಹೇನು ಹತ್ತಿದರೆ ಮೊದಲು ಗುಲಗಂಜಿ ಹುಳು ಇದೆಯೇ ನೋಡಿ. ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆಯ ಆ ಸಣ್ಣ ಹುಳ, ಅದರ ಮರಿ, ಎರಡೂ ಹೇನನ್ನೇ ತಿಂದು ಬದುಕುವಂಥವು. ವಿಷ ಹೊಡೆದರೆ ಸಾಯುವವರಲ್ಲಿ ನಮ್ಮ ಕಡೆಯ ಈ ಕೂಲಿಯಾಳೂ ಒಬ್ಬ. ಹೇನು ಮಿತಿಮೀರಿದರೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸೋಪು ಕದಡಿ ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಹೊಡೆಯಿರಿ.

ತೆಂಗಿನ ಗರಿ ಕತ್ತರಿಯಿಂದ ಕತ್ತರಿಸಿದ ಹಾಗೆ ಕಂಡರೆ ಅದು ಸುಳಿ ಕೊರೆಯುವ ಕೊಂಬಿನ ದುಂಬಿಯ ಕೆಲಸ. ಮರದ ಮೇಲೆ ಹುಡುಕುವ ಮೊದಲು ನಿಮ್ಮ ತಿಪ್ಪೆಯನ್ನು ಕೆದಕಿ ನೋಡಿ. ಅದರ ದಪ್ಪ ಬಿಳಿ ಮರಿಗಳು ಬೆಳೆಯುವುದು ಅಲ್ಲಿ. ಗೊಬ್ಬರ ಎತ್ತುವಾಗಲೆಲ್ಲ ಆರಿಸಿ ಕೋಳಿಗೆ ಹಾಕಿ.

ಸೊಳ್ಳೆಯ ವಿಚಾರ ಒಂದೇ ಮಾತು. ಡೆಂಗ್ಯೂ ತರುವ ಸೊಳ್ಳೆ ಚರಂಡಿಯದಲ್ಲ, ನಮ್ಮ ತೊಟ್ಟಿಯ ತಿಳಿನೀರಿನದು. ಕಚ್ಚುವುದೂ ಹಗಲಲ್ಲೇ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಬೇಕು. ಬರೀ ನೀರು ಚೆಲ್ಲಿದರೆ ಸಾಲದು, ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಒರಳುಕಲ್ಲು, ಹಳೇ ಟೈರು, ಕರಟ ಇವನ್ನೂ ಮರೆಯಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಹೊಲಕ್ಕೆ ಔಷಧಿ ಬೇಕಾಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ನಿನ್ನೆ ಒಳ್ಳೆಯದೆಂದು ಕೊಟ್ಟದ್ದೇ ಇಂದು ವಿಷವೆಂದು ತಿಳಿಯುತ್ತಿದೆ. ಎಂಡೋಸಲ್ಫಾನನ್ನು 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು. ಹೊಲಕ್ಕೆ ಎರಚುತ್ತಿದ್ದ ಫೋರೇಟ್, ತಿಗಣೆಗೆ ಮನೆಯೊಳಗೇ ಹೊಡೆಯುತ್ತಿದ್ದ ಡೈಕ್ಲೋರ್‌ವಾಸ್ ಎರಡೂ 2020ರ ಕೊನೆಗೆ ನಿಂತವು. ಹಳೆಯ ಡಬ್ಬಿ ಅಟ್ಟದ ಮೇಲೆ ಇದ್ದರೆ ಬಳಸಬೇಡಿ, ಬಾವಿ, ಕೆರೆಗೆ ಸುರಿಯಬೇಡಿ, ಕೃಷಿ ಇಲಾಖೆಯವರಿಗೆ ತಿಳಿಸಿ. ಡಬ್ಬಿಯ ಮೇಲಿನ ಗುರುತು ಓದು ಬಾರದವರಿಗೂ ತಿಳಿಯುತ್ತದೆ: ಕೆಂಪು ಅತಿ ಘೋರ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರೆಂದರೆ ಕುಡಿಯಬಹುದು ಅಂತಲ್ಲ! ಉಳಿದ ಔಷಧಿಯನ್ನು ಶರಬತ್ತಿನ ಬಾಟಲಿಗೆ ಬಗ್ಗಿಸಬೇಡಿ, ಖಾಲಿ ಡಬ್ಬಿಯಲ್ಲಿ ಎಣ್ಣೆ, ನೀರು ತುಂಬಬೇಡಿ.

ಕೊನೆಯದಾಗಿ ಆಡಳಿತ ಮಂಡಳಿಯವರಲ್ಲಿ ಎರಡು ಅರಿಕೆ. ಕಾಳಿನ ಮಾತ್ರೆ ಕೇಳಿ ಬಂದವರಿಗೆ ‘ಇಲ್ಲ’ ಎಂದಷ್ಟೇ ಹೇಳಿ ಕಳಿಸಬೇಡಿ, ಎಣ್ಣೆ ಸವರುವ ಕ್ರಮ ಹೇಳಿ ಕಳಿಸಿ. ಸುಗ್ಗಿಗೆ ಮುಂಚೆ ಗಾಳಿಯಾಡದ ಡ್ರಮ್ಮುಗಳನ್ನು ಸಗಟಿನಲ್ಲಿ ತರಿಸಿ ಸದಸ್ಯರಿಗೆ ಕೊಡಿ. ಅಕ್ಕಪಕ್ಕದ ಹತ್ತು ಮನೆಯವರು ಒಂದೇ ವಾರದಲ್ಲಿ ಕಾಳು ಒಣಗಿಸಿ, ತೊಟ್ಟಿ ತಿಕ್ಕಿದರೆ ಹುಳಕ್ಕೆ ಹೋಗಲು ಇನ್ನೊಂದು ಮನೆ ಸಿಗುವುದಿಲ್ಲ. ಸಹಕಾರ ಅಂದರೆ ಇದೂ ಅಲ್ಲವೇ?

ಈ ವರ್ಷ ನಮ್ಮ ಮನೆಯ ಅವರೆಕಾಳಿಗೆ ತಾಯಿಯವರೇ ಮುಂದೆ ಕೂತು ನಮ್ಮೆಲ್ಲರ ಕೈಯಲ್ಲಿ ಎಣ್ಣೆ ಹಚ್ಚಿಸಿದರು. ಡ್ರಮ್ಮು ಅವರ ಕೋಣೆಯಲ್ಲೇ ಇದೆ. ನಮಗೆ ರಾತ್ರಿ ನಿದ್ದೆ ಬರುತ್ತದೆ.