ಏನಾಗೂದಿಲ್ಲ ಬಿಡ

ಬೆಳಗಾವಿ ಜಿಲ್ಲೆಯ ಯಾವುದಾದರೂ ಅಪಘಾತದ ಫಿರ್ಯಾದಿಯನ್ನು ಓದಿಸಿ ಕೇಳಿ. ಚಾಲಕನು ತನ್ನ ವಾಹನವನ್ನು ಅತಿ ಜೋರಿನಿಂದಲೂ ನಿಷ್ಕಾಳಜಿತನದಿಂದಲೂ ನಡೆಸಿದ ಎಂಬ ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಊರು ಬೇರೆ, ಗಾಡಿಯ ನಂಬರು ಬೇರೆ, ಸತ್ತವರ ಹೆಸರು ಬೇರೆ; ಈ ಮಾತು ಮಾತ್ರ ಅದೇ. ಮೈಸೂರು ಸೀಮೆಯವರು ಅಜಾಗರೂಕತೆ ಎಂದು ಬರೆಯುತ್ತಾರೆ. ನಮಗೆ ನೆರೆಯ ಮರಾಠಿಯಿಂದ ಬಂದ ಕಾಳಜಿಯೇ ಬಾಯಿಗೆ ಹತ್ತಿರ. ಅದು ಇಲ್ಲದವನು ನಿಷ್ಕಾಳಜಿ.

ಇಂಗ್ಲಿಷಿನ ರೆಕ್‌ಲೆಸ್ ಹುಟ್ಟಿದ್ದೂ ಹೀಗೇ. ರೆಕ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಕಾಳಜಿ ಮಾಡುವುದು. ಸ್ಪ್ಯಾನಿಷ್ ಭಾಷೆಯವರು ಇಂಥ ಚಾಲಕನನ್ನು ತೆಮೆರಾರಿಯೊ ಅನ್ನುತ್ತಾರೆ. ಅದನ್ನು ಇಂಗ್ಲಿಷಿಗೆ ತರುವವನಿಗೆ ಒಂದೇ ಪದ ಸಾಲದು. ಗಾಡಿಯ ಮಾತು ಬಂದರೆ ರೆಕ್‌ಲೆಸ್, ವಿಚಾರಿಸದೆ ಇನ್ನೊಬ್ಬರ ಮೇಲೆ ಹೊರಿಸಿದ ಸಂಶಯವಾದರೆ ರ‍್ಯಾಶ್, ಗೂಳಿ ಕಾಳಗದಲ್ಲಿ ಕೊಂಬಿನ ಮುಂದೆ ಮೊಣಕಾಲೂರುವವನಾದರೆ ಫೂಲ್‌ಹಾರ್ಡಿ. ಕಾಳಜಿ ಕಡಿಮೆಯಾಯಿತು ಎಂಬುದಕ್ಕಿಂತ ಎದೆಗಾರಿಕೆ ಬುದ್ಧಿಯನ್ನು ಮೀರಿತು ಎಂಬ ದೂರು ಆ ಸ್ಪ್ಯಾನಿಷ್ ಪದದಲ್ಲಿದೆ. ನಮ್ಮ ಭಂಡಧೈರ್ಯ ಅದರ ಜೋಡಿಗೆ ನಿಲ್ಲಬಲ್ಲದು. ಆದರೆ ಠಾಣೆಯ ಕಾಗದದಲ್ಲಿ ಭಂಡಧೈರ್ಯಕ್ಕೆ ಜಾಗವಿಲ್ಲ.

ಕಾಯ್ದೆ ಮಾತ್ರ ಎರಡನ್ನೂ ಬೇರೆಬೇರೆಯಾಗಿಯೇ ಹೆಸರಿಸಿದೆ, ದುಡುಕು ಅಥವಾ ನಿರ್ಲಕ್ಷ್ಯ ಎಂದು. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಹೀಗೆ ಗಾಡಿ ನಡೆಸುವ ಅಪರಾಧ 279ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 281ಕ್ಕೆ ಬಂದಿದೆ. ದುಡುಕು, ನಿರ್ಲಕ್ಷ್ಯ ಇವೆರಡರ ಅಂತರವನ್ನು ಮದ್ರಾಸ್ ಹೈಕೋರ್ಟು 1872ರಷ್ಟು ಹಿಂದೆಯೇ ಬಿಡಿಸಿ ಹೇಳಿತ್ತು. ಕೆಡುಕಾಗಬಹುದೆಂದು ಗೊತ್ತಿದ್ದೂ, ಆಗಲಿಕ್ಕಿಲ್ಲ ಎಂಬ ಆಸೆಯಿಂದ ಮಾಡುವುದು ದುಡುಕು. ಗೊತ್ತಿರಬೇಕಾದ ಅಪಾಯವು ಮನಸ್ಸಿಗೇ ಬಾರದ ಹಾಗೆ ಮೈಮರೆಯುವುದು ನಿರ್ಲಕ್ಷ್ಯ.

ಕೋರ್ಟಿನ ಈ ಮಾತನ್ನು ನಮ್ಮೂರು ನಿಡಸೋಸಿಯ ಯಾವ ಕಟ್ಟೆಯ ಮೇಲಾದರೂ ಕೇಳಬಹುದು. "ಲಕ್ಷ್ಯಕ್ಕ ಬರಲಿಲ್ಲರಿ" ಎಂದರೆ ನಿರ್ಲಕ್ಷ್ಯ. "ಏನಾಗೂದಿಲ್ಲ ಬಿಡ" ಎಂದರೆ ದುಡುಕು. ಎರಡನೆಯವನಿಗೆ ಎಲ್ಲವೂ ಗೊತ್ತಿರುತ್ತದೆ.

ನಿಡಸೋಸಿಗೆ ಸಂಕೇಶ್ವರ ಹತ್ತಿರ. ಅಲ್ಲಿ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ, ಊರನ್ನು ಹಾಯ್ದು ಹೋಗುವ ಪುಣೆ-ಬೆಂಗಳೂರು ಹೆದ್ದಾರಿ. ಹಂಗಾಮು ಶುರುವಾಯಿತೆಂದರೆ ಹುಕ್ಕೇರಿ, ಗೋಕಾಕ, ಮೂಡಲಗಿಯ ರಸ್ತೆಗಳೆಲ್ಲ ಕಬ್ಬಿನವು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಮೇಲೆ ಆಳೆತ್ತರ ಮೀರಿದ ಹೇರು, ಏರಿನಲ್ಲಿ ಮುಂದಿನ ಗಾಲಿ ನೆಲ ಬಿಡುವಷ್ಟು ಭಾರ. ಹಿಂದಿನ ದೀಪ ಕೆಟ್ಟು ಎಷ್ಟೋ ದಿನವಾಗಿರುತ್ತದೆ. ಹಾಡು ಮಾತ್ರ ಮೈಲಿ ದೂರಕ್ಕೆ ಕೇಳುತ್ತದೆ. ಅದರ ಸ್ಪೀಕರಿಗೆ ಬ್ಯಾಟರಿ ಸಾಲುತ್ತದೆ, ದೀಪಕ್ಕೆ ಸಾಲುವುದಿಲ್ಲ. ಕತ್ತಲಲ್ಲಿ ಇಂಥ ಟ್ರಾಲಿಗೆ ಹಿಂದಿನಿಂದ ಬೈಕು ಗುದ್ದಿದ ಸುದ್ದಿಯನ್ನು ನಾವು ಪ್ರತಿ ಹಂಗಾಮಿನಲ್ಲೂ ಓದುತ್ತೇವೆ. ಬೈಕಿನವನು ಒಮ್ಮೊಮ್ಮೆ ನಮ್ಮೂರಿನ ಎಂಜಿನಿಯರಿಂಗ್ ಕಾಲೇಜಿನ ವಯಸ್ಸಿನ ಹುಡುಗ.

ದೀಪ ಇಲ್ಲವೆಂಬುದು ಆ ಚಾಲಕನಿಗೆ ಗೊತ್ತಿಲ್ಲವೇ? ಗಾಡಿಯ ಮಾಲಕರಿಗೆ? ಎಲ್ಲರಿಗೂ ಗೊತ್ತು. ಅದನ್ನು ನಿಷ್ಕಾಳಜಿ ಎಂದು ಕರೆದರೆ ಮರೆವಿನ ತಪ್ಪಾಗಿಬಿಡುತ್ತದೆ, ಅರ್ಧ ಕ್ಷಮಿಸಿದ ಹಾಗೆ. ನಾವೂ ಕಮ್ಮಿಯಿಲ್ಲ. ಎರಡು ಟ್ರಾಲಿಯನ್ನು ಇಳಿಜಾರಿನಲ್ಲಿ ಜೋರಾಗಿ ಬಿಟ್ಟವನನ್ನು "ಭಾರಿ ಧಾಡಸಿ ಅದಾನ" ಎಂದು ಹೊಗಳುತ್ತೇವೆ. ಗಾಡಿ ಊರು ಮುಟ್ಟಿದರೆ ಧಾಡಸಿ, ಮುಟ್ಟದಿದ್ದರೆ ನಿಷ್ಕಾಳಜಿ. ಆತ ಮಾಡಿದ್ದು ಎರಡೂ ಸಲ ಅದೇ ಕೆಲಸ.

ಸ್ಪೇನಿನ ದಂಡ ಸಂಹಿತೆ, 1995ರದ್ದು, ಊರು ಮುಟ್ಟುವವರೆಗೆ ಕಾಯುವುದಿಲ್ಲ. ಎದ್ದು ಕಾಣುವ ಭಂಡತನದಿಂದ ಗಾಡಿ ನಡೆಸಿ ಇತರರ ಜೀವವನ್ನು ನಿಜವಾದ ಅಪಾಯಕ್ಕೆ ಒಡ್ಡಿದರೆ, ಯಾರೂ ಸಾಯದಿದ್ದರೂ, ಅದರ 380ನೆಯ ಕಲಮಿನಲ್ಲಿ 6 ತಿಂಗಳಿಂದ 2 ವರ್ಷ ಜೈಲು. 6 ವರ್ಷದವರೆಗೆ ಗಾಡಿ ಮುಟ್ಟುವ ಹಾಗಿಲ್ಲ. ನಮ್ಮ 281ರಲ್ಲಿ 6 ತಿಂಗಳವರೆಗಿನ ಜೈಲು, ಅಥವಾ 1,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಪ್ರಾಣ ಹೋದರೆ ಮಾತ್ರ 106ನೆಯ ಕಲಮು ಬರುತ್ತದೆ. ಅಲ್ಲಿ ಶಿಕ್ಷೆ ಹಿಂದಿನ 2 ವರ್ಷದಿಂದ 5 ವರ್ಷದವರೆಗೆ ಏರಿದೆ. ಯಾರೂ ಸಾಯದಿದ್ದಾಗಿನ ಶಿಕ್ಷೆಯೇ ಏರಬೇಕಿತ್ತು ಎಂಬುದು ನನ್ನ ಮತ.

ಕೇಳುಗರಲ್ಲಿ ಟ್ರ್ಯಾಕ್ಟರ್ ಮಾಲಕರಿದ್ದರೆ ಒಂದು ಮಾತು. ಇಂದಿನ ಹೇರು ಕಟ್ಟುವ ಮೊದಲು ಎರಡನೆಯ ಟ್ರಾಲಿಯ ಹಿಂದೆ ಹೋಗಿ ನಿಲ್ಲಿರಿ. ಕೆಂಪು ದೀಪ ಹತ್ತದಿದ್ದರೆ ಹತ್ತಿಸಿ, ಮಿಂಚುವ ರಿಫ್ಲೆಕ್ಟರ್ ಪಟ್ಟಿ ಇಲ್ಲದಿದ್ದರೆ ಅಂಟಿಸಿ. ಆಮೇಲೆ ಗಾಡಿ ಬಿಡಿ.